ಶೋಭೆಗಿಟ್ಟ ಉಡುಗೊರೆ

ಮೊಬೈಲಿನ ಪರದೆಯ ಮೇಲಿದ್ದ ಹಸಿರು ಗೆರೆ ಬೆಳಗಿನಿಂದ ಕೂದಲೆಳೆಯಷ್ಟೂ ಮುಂದೆ ಸರಿದಿರಲಿಲ್ಲ. ಶಿಗೆಯೊ ಅದನ್ನು ಹಲ್ಲುಜ್ಜುತ್ತ ನೋಡಿದ, ಮಿಸೊ ಸಾರು ಕುಡಿಯುತ್ತ ನೋಡಿದ, ಸ್ನಾನದ ತೊಟ್ಟಿ ತಿಕ್ಕುತ್ತ ಸೋಪಿನ ಕೈಯಲ್ಲೇ ನೋಡಿದ. ಮುಕ್ಕಾಲು ದಾರಿಗೆ ಬಂದ ಗೆರೆ ಮೊಂಡ ಎಮ್ಮೆಯಂತೆ ಮಲಗಿಬಿಟ್ಟಿತ್ತು. ಸಂಜೆ ಆರರೊಳಗೆ ಅದು ತುದಿ ಮುಟ್ಟದಿದ್ದರೆ ಊರೂರಿನ ಅಪರಿಚಿತರು ಅಂತರ್ಜಾಲದಲ್ಲಿ ಕೊಟ್ಟ ಚಂದಾ ಪೂರ್ತಿ ಅವರವರಿಗೇ ವಾಪಸು. ನಿಯಮವೇ ಹಾಗೆ. ಅಜ್ಜನ ಕಾಲದಿಂದ ಓಸಾಕಾದ ಆ ಪೇಟೆಬೀದಿಗೆ ಬಿಸಿನೀರು ಕೊಡುತ್ತ ಬಂದ ಸಾರ್ವಜನಿಕ ಸ್ನಾನದ ಮನೆ ಅವನದು. ಬಾಯ್ಲರ್ ಗೂರಲು ರೋಗಿಯಂತೆ ಕೆಮ್ಮುತ್ತಿತ್ತು. ಈ ಚಂದಾದಿಂದ ಹೊಸದು ಬಾರದಿದ್ದರೆ ಬಾಗಿಲು ಮುಚ್ಚುವುದೇ.

"ಕಂಡು ಕೇಳದವ್ರು ಕೊಟ್ರು, ನಮ್ಮ ಬೀದಿಯವ್ರು ಒಬ್ರೂ ಕೊಟ್ಟಿಲ್ಲ," ಎಂದಳು ಹೆಂಡತಿ ಕಿನುಯೊ. "ಶುರು ಮಾಡೋ ಮುಂಚೆ ಅವ್ರನ್ನ ಒಂದ್ಮಾತು ಕೇಳಿದ್ರಾ?"

"ಕೇಳೋದೇನು? ದಿನಾ ನಮ್ಮ ನೀರಲ್ಲೇ ನೆನೆಯೋ ಜನ. ತಾವಾಗೇ ಕೊಡ್ತಾರೆ ಅಂದ್ಕೊಂಡೆ."

"ಚಂದಾ ಕೊಟ್ಟವ್ರಿಗೆ ಅಂತ ಪುಟದಲ್ಲಿ ಹಾಕಿದ ಆ ಕೊನೇ ಉಡುಗೊರೆನಾದ್ರೂ ತೆಗೀರಿ ಅಂದ್ರೆ ತೆಗೀಲಿಲ್ಲ. ಅತಿ ದೊಡ್ಡ ದಾನಿಗೆ, ಗುರಿ ಮುಟ್ಟಿದ ದಿನದಿಂದ್ಲೇ, ಒಂದು ವರ್ಷ, ಸಂಜೆ ಹೊತ್ತು ಇಡೀ ಸ್ನಾನದ ಮನೆ ಅವರೊಬ್ಬರಿಗೇ ಅಂತೆ! ಕುಡಿದು ಬರೆದಿದ್ದು ತಾನೆ?"

"ಅಷ್ಟು ದುಡ್ಡು ಯಾರು ಕೊಡ್ತಾರೆ ಮಾರಾಯ್ತಿ? ಶೋಭೆಗಿರ್ಲಿ ಬಿಡು."

ಶಿಗೆಯೊ ಬೀದಿಗಿಳಿದ. ಕ್ಷೌರಿಕ ಗೊರೊಜಿ ಗಿರಾಕಿಯ ತಲೆಯ ಮೇಲೆ ಕತ್ತರಿ ಆಡಿಸುತ್ತಲೇ ಹೇಳಿದ: "ಕೊಡದೆ ಇರ್ತೀನೇನೋ? ತೋಫು ಅಂಗಡಿ ಅಜ್ಜಿ ಎಷ್ಟು ಕೊಟ್ರು ಹೇಳು, ಅಷ್ಟೇ ಕೊಡ್ತೀನಿ. ಜಾಸ್ತಿ ಕೊಟ್ರೆ ಅವ್ರಿಗೆ ಅವಮಾನ, ಕಮ್ಮಿ ಕೊಟ್ರೆ ನನಗೆ."

ತೋಫು ಅಂಗಡಿಯ ಮಾತ್ಸುಯೆ ಅಜ್ಜಿ ಕೈ ಒರೆಸಿಕೊಂಡು ಕೇಳಿದಳು: "ಗೊರೊಜಿ ಎಷ್ಟು ಕೊಟ್ಟಪ್ಪ? ಅವನನ್ನ ಮೀರಿಸಿದ್ರೆ ಜಂಬ ಅಂತಾರೆ."

ಇಡೀ ಬೀದಿ, ಹೊಸಿಲಲ್ಲಿ ಎದುರುಬದುರಾಗಿ 'ನೀವು ಮೊದಲು, ನೀವು ಮೊದಲು' ಎಂದು ಬಾಗುತ್ತ ನಿಂತ ಇಬ್ಬರು ನೆಂಟರಂತೆ ಸಿಕ್ಕಿಕೊಂಡಿತ್ತು. ಶಿಗೆಯೊನ ತಾಳ್ಮೆ ಕೆಟ್ಟಿತು. ಅಜ್ಜಿ ಹತ್ತು ಸಾವಿರ ಯೆನ್ ಕೊಟ್ಟಳೆಂದು ಗೊರೊಜಿಗೂ, ಗೊರೊಜಿ ಹತ್ತು ಸಾವಿರ ಕೊಟ್ಟನೆಂದು ಅಜ್ಜಿಗೂ ಹೇಳಿಬಿಟ್ಟ.

ಕಟ್ಟೆ ಒಡೆಯಿತು. ಮಧ್ಯಾಹ್ನದಷ್ಟೊತ್ತಿಗೆ ಬೀದಿಯ ಜನ ಒಳ್ಳೆ ಬಟ್ಟೆ ತೊಟ್ಟು, ಕೆಂಪು-ಬಿಳಿ ದಾರ ಕಟ್ಟಿದ ಲಕೋಟೆ ಹಿಡಿದು ಮದುವೆಗೆ ಬಂದಂತೆ ಬಂದರು. ಗಲ್ಲೆಯ ಮೇಲೆ ಲಕೋಟೆಗಳ ಗುಡ್ಡವೇ ಬಿತ್ತು. ಹಸಿರು ಗೆರೆ ಮಾತ್ರ ಮಲಗಿದಲ್ಲೇ ಮಲಗಿತ್ತು.

"ಅಜ್ಜಿ, ಇದನ್ನ ಇಲ್ಲಿ ಕೊಟ್ರೆ ಲೆಕ್ಕಕ್ಕೆ ಬರಲ್ಲ. ಕಾರ್ಡಿಂದ ಮೊಬೈಲಲ್ಲಿ ಕಟ್ಟಬೇಕು."

"ಕಾರ್ಡಾ? ಶುಭಕಾರ್ಯಕ್ಕೆ ಲಕೋಟೆ ಇಲ್ದೆ ಕೊಡೋಕೆ ನಾನೇನು ದಂಡ ಕಟ್ತಿದೀನಾ?"

ಲಕೋಟೆ ತಂದವರಲ್ಲಿ ಒಬ್ಬರ ಬಳಿಯೂ ಕಾರ್ಡಿರಲಿಲ್ಲ. ಚಂದಾ ಎತ್ತುವವನೇ ತನ್ನ ಕಾರ್ಡಿನಿಂದ ಕಟ್ಟುವಂತಿರಲಿಲ್ಲ. ಗಡಿಯಾರ ಐದು ದಾಟಿತು. ಶಿಗೆಯೊ ಬಾಲಕ್ಕೆ ಬೆಂಕಿ ಬಿದ್ದ ಬೆಕ್ಕಿನಂತೆ ಬೀದಿಯ ಎರಡೂ ತುದಿ ಓಡಿದ. ಆಗ ಎದುರಿನ ಹಲ್ಲಿನ ಆಸ್ಪತ್ರೆ ಕಣ್ಣಿಗೆ ಬಿತ್ತು. ಡಾಕ್ಟರ್ ಉರಾಬೆ ಒಂದು ದಿನವೂ ಸ್ನಾನಕ್ಕೆ ಬಂದವರಲ್ಲ. ಆದರೇನು, ಕಾರ್ಡು ಇದ್ದೇ ಇರುತ್ತದೆ!

ಲಕೋಟೆಗಳನ್ನು ಮಡಿಲಲ್ಲಿ ತುಂಬಿಕೊಂಡು ಹೋಗಿ ನೆಲಕ್ಕೆ ಹಣೆ ಹಚ್ಚಿದ. "ಡಾಕ್ಟ್ರೇ, ಈ ದುಡ್ಡು ತಗೊಂಡು ನಿಮ್ಮ ಕಾರ್ಡಿಂದ ಕಟ್ಟಿಬಿಡಿ. ನಿಮ್ಮ ಋಣ ಮರೆಯಲ್ಲ."

ಡಾಕ್ಟರು ಕನ್ನಡಕ ಏರಿಸಿಕೊಂಡು ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಿದರು. ಕೆಳಗೆ ಬಂದಾಗ ಮುಖ ಅರಳಿತು. "ಲಕೋಟೆ ನೀವೇ ಇಟ್ಕೊಳ್ಳಿ. ಕೊರತೆ ಅಷ್ಟೂ ನಂದೇ ಇರ್ಲಿ," ಎಂದು ಬೆರಳು ಒತ್ತಿದರು.

ಎಮ್ಮೆ ಎದ್ದಿತು. ಗೆರೆ ತುದಿ ಮುಟ್ಟಿತು. ಶಿಗೆಯೊ ಅಲ್ಲೇ ಕೂತು ಮಗುವಿನಂತೆ ಅತ್ತ.

ಆರು ಗಂಟೆಗೆ ಬೀದಿಯ ಜನವೆಲ್ಲ ಗೆದ್ದ ಖುಷಿಯಲ್ಲಿ ಪುಟ್ಟ ಬೋಗುಣಿ, ಟವೆಲ್ಲು ಹಿಡಿದು ಬಂದರು. ಬಾಗಿಲಲ್ಲಿ ಡಾಕ್ಟರ್ ಉರಾಬೆ ಹೊಸ ಬೋಗುಣಿ ಹಿಡಿದು ನಿಂತಿದ್ದರು.

"ಕ್ಷಮಿಸಿ, ಇವತ್ತಿಂದ ಒಂದು ವರ್ಷ ಸಂಜೆ ನಾನೊಬ್ಬನೇ," ಎಂದು ಮೊಬೈಲು ಎತ್ತಿ ತೋರಿಸಿದರು. "ಇಲ್ಲಿ ನೆನೆಯೋ ಆಸೆ ಹಳೇದು. ಏನ್ ಮಾಡ್ಲಿ, ನಾನು ತೊಟ್ಟಿಗಿಳಿದ್ರೆ ಸಾಕು, ನೀವೆಲ್ಲ ಬರಿಮೈಲಿ ಬಂದು ಹಲ್ಲು ತೋರ್ಸೋಕೆ ಬಾಯ್ ತೆಗೀತೀರಿ ಅನ್ನೋ ಭಯ!"

"ಹೆಂಗಸರ ಕಡೆ?" ಎಂದಳು ಅಜ್ಜಿ.

"ಇಡೀ ಅಂತ ಬರ್ದಿದಾರಲ್ಲ ಅಜ್ಜಿ."

ಎಲ್ಲರೂ ಶಿಗೆಯೊನ ಕಡೆ ತಿರುಗಿದರು. ಗೊರೊಜಿ ವಿನಯವಾಗಿ ಕೆಮ್ಮಿದ. "ಬೇಜಾರು ಮಾಡ್ಕೋಬೇಡ ಕಣೋ. ನನ್ನ ಲಕೋಟೆ ಎಲ್ಲಿದೆ?"

"ಅವನು ತಗೊಂಡಷ್ಟೇ ನಾನೂ ತಗೋತೀನಪ್ಪ," ಎಂದಳು ಅಜ್ಜಿ. ಈ ಸಲ ಯಾರೂ ಯಾರಿಗೂ ಕಾಯಲಿಲ್ಲ. ಲಕೋಟೆಗಳನ್ನು ವಾಪಸು ತಂದಿಟ್ಟಿದ್ದ ಗಲ್ಲೆ ನಿಮಿಷದಲ್ಲಿ ಬರಿದಾಯಿತು. ಕಿನುಯೊ ಟಿಕೆಟ್ಟಿನ ಡಬ್ಬಿ ಮುಚ್ಚಿದಳು.

"ಶಿಗೆಯೊ ಅವರೇ!" ಒಳಗಿಂದ ಡಾಕ್ಟರ ದನಿ ಗೋಡೆಗೆ ಬಡಿದು ಬಂತು. "ಒಬ್ನೇ ಕೂತ್ರೆ ಬೇಜಾರು ಕಣ್ರೀ. ಬೆನ್ನು ಉಜ್ಜೋಕೆ ಬನ್ನಿ."

ಶಿಗೆಯೊ ಒಳಗೆ ಹೋದ. ಬೆನ್ನು ಉಜ್ಜುತ್ತ, ಹೇಗಾದರೂ ಬೇಡಿಕೊಂಡು ಷರತ್ತು ಸಡಿಲಿಸೋಣವೆಂದು ಮೆಲ್ಲಗೆ ಬಾಯಿ ತೆರೆದ.

ಡಾಕ್ಟರು ಸರಕ್ಕನೆ ತಿರುಗಿ ಅವನ ಗಲ್ಲ ಹಿಡಿದರು. "ಹಾಂ, ಹಾಗೇ ಇರಿ! ಅಯ್ಯೋ, ಹಿಂದಿನ ಹಲ್ಲು ಪೂರ್ತಿ ಹುಳುಕು. ನಾಳೆ ಸಂಜೆ ನನ್ನ ಸ್ನಾನ ಆದ್ಮೇಲೆ ಕಿತ್ತುಬಿಡೋಣ. ಹೇಗೂ ನಿಮಗೆ ಗಿರಾಕಿಗಳ ಕಾಟ ಇಲ್ವಲ್ಲ."