ಹೆಪ್ಪು ತಂದವಳಿಂದ ಧರ್ಮಮಾಪಕರಿಗೆ

ಸಪ್ತಕೋಟೆ ಎಂಬ ಆನ್‌ಲೈನ್ ಆಟದೊಳಗೆ, ಪರದೆಯ ಬಲಗಡೆ ಮೇಲ್ಮೂಲೆಯಲ್ಲಿ, ಒಂದು ತುದಿ ಬೆಳ್ಳಗೆ ಇನ್ನೊಂದು ತುದಿ ಕಪ್ಪಗೆ, ಬೆರಳುದ್ದದ ಪಟ್ಟಿಯ ರೂಪದಲ್ಲಿ ಬಿಜಯಮಾಡಿರುವ ಧರ್ಮಮಾಪಕರ ಸನ್ನಿಧಾನಕ್ಕೆ, ಹಾಸನ ತಾಲ್ಲೂಕು ಕಟ್ಟಾಯ ಹೋಬಳಿಯ ಲಕ್ಷ್ಮಿದೇವಮ್ಮ ಸೆರಗು ಹೊದ್ದು ಕೈಮುಗಿದು ಎಲ್ಲರೂ ಓದಲೆಂದೇ ಬರೆದುಕೊಳ್ಳುವುದು.

ಮಾನ್ಯರೇ,

ತಾವು ಕ್ಷೇಮವೆಂದು ನಂಬಿದ್ದೇನೆ. ಊಟವಿಲ್ಲದೆ ನಿದ್ದೆಯಿಲ್ಲದೆ ಲಕ್ಷಾಂತರ ಜನರ ಪಾಪಪುಣ್ಯವನ್ನು ಒಬ್ಬರೇ ತೂಗುತ್ತಿರುವ ತಮಗೆ ನೆಗಡಿ ಕೂಡ ಬಾರದಿರಲಿ ಎಂದು ಕಳೆದ ಶನಿವಾರ ದೀಪ ಹಚ್ಚುವಾಗ ಕೇಳಿಕೊಂಡಿದ್ದೇನೆ. ಇದುವರೆಗೆ ಈ ಕೆಲಸ ನೋಡಿಕೊಳ್ಳುತ್ತಿದ್ದವನು ಮೇಲಿನವನೊಬ್ಬನೇ. ಅವನೋ ಬಹಳ ನಿಧಾನಸ್ಥ, ತೀರ್ಪು ಹೇಳುವುದಕ್ಕೆ ಮನುಷ್ಯ ಸಾಯುವ ತನಕ ಕಾಯುತ್ತಾನೆ. ತಾವು ಕೈಯಲ್ಲಿರುವ ಗಡಿಗೆ ಕೆಳಗಿಡುವಷ್ಟು ಹೊತ್ತೂ ಕಾಯುವುದಿಲ್ಲ. ಈ ಚುರುಕುತನಕ್ಕೆ ಮೊದಲು ನನ್ನ ನಮಸ್ಕಾರ ಸಲ್ಲಬೇಕು.

ದೂರು ಹೇಳುವವರಿಗೆಂದು ತಮ್ಮಲ್ಲಿ ನಗುವುದರಿಂದ ಹಿಡಿದು ಅಳುವುದರವರೆಗೆ ಐದು ಹಳದಿ ಮುಖಗಳನ್ನು ಇಟ್ಟಿದ್ದೀರಿ, ಅದರಲ್ಲೊಂದನ್ನು ಒತ್ತಬೇಕಂತೆ. ನನ್ನ ಮುಖ ಆ ಐದರಲ್ಲಿ ಇಲ್ಲವಾದ್ದರಿಂದ ಈ ಪತ್ರ. ನಾನು ಓದಿರುವುದು ನಮ್ಮೂರ ಶಾಲೆಯಲ್ಲಿ ಏಳನೇ ಕ್ಲಾಸು. ವಯಸ್ಸು ಐವತ್ತಾಗಿದೆ. ಶನಿವಾರ ಒಪ್ಪತ್ತು ಮಾಡುತ್ತೇನೆ, ಬೆಟ್ಟದ ರಂಗಪ್ಪನಿಗೆ ಹೇಳದೆ ಮನೆಯಲ್ಲಿ ಹೊಸ ಚಾಪೆ ಕೂಡ ಹಾಸುವುದಿಲ್ಲ. ಇಂಥವಳು ಕತ್ತಿ, ಗುರಾಣಿ, ಬೆಂಕಿ ಉಗುಳುವ ಹಲ್ಲಿಗಳ ತಮ್ಮ ರಾಜ್ಯಕ್ಕೆ ಏಕೆ ಬಂದೆನೆಂದು ತಾವು ಕೇಳಬಹುದು. ಕೇಳುವುದು ತಮ್ಮ ಅಭ್ಯಾಸವಲ್ಲವೆಂದು ಗೊತ್ತಿದ್ದರೂ ಹೇಳುತ್ತೇನೆ.

ನನ್ನ ಅಕ್ಕ ಹೊನ್ನಕ್ಕ ಇರುವುದು ಹೊಳೆನರಸೀಪುರದ ಆಚೆ ಹರದನಹಳ್ಳಿಯಲ್ಲಿ. ನಮ್ಮ ಮದುವೆಗಳಾದ ಮೇಲೂ ಶ್ರಾವಣದ ನಾಲ್ಕು ಶನಿವಾರವೂ ಇಬ್ಬರೂ ಒಟ್ಟಿಗೆ ಬೆಟ್ಟ ಹತ್ತುತ್ತಿದ್ದೆವು. ಅವಳು ಯಾವಾಗಲೂ ಮುಂದೆ, ನಾನು ಏದುಸಿರು ಬಿಡುತ್ತಾ ಹಿಂದೆ. ಹೋದ ವರ್ಷ ಸಕ್ಕರೆ ಕಾಯಿಲೆಗೆ ಅವಳ ಬಲಗಾಲನ್ನು ಮೊಣಕಾಲಿನ ಮೇಲಿಂದ ತೆಗೆದರು. ಗೋಡೆ ನೋಡುತ್ತಾ ಕೂತುಬಿಟ್ಟಳು. ಯಾರು ಮಾತಾಡಿಸಿದರೂ ಹೂಂ ಅನ್ನುವಳು, ಅಷ್ಟೇ. ಆಗ ಅವಳ ಮಗಳು ರಂಜಿನಿ ನಮ್ಮಿಬ್ಬರ ಮೊಬೈಲಿಗೂ ಈ ಆಟ ಹಾಕಿಕೊಟ್ಟು, ಕಿವಿಗೆ ಸಿಕ್ಕಿಸಿಕೊಂಡರೆ ಒಬ್ಬರ ಮಾತು ಒಬ್ಬರಿಗೆ ಕೇಳುವಂತೆ ಮಾಡಿ, "ಕೊಲ್ಲೋದೆಲ್ಲಾ ಬ್ಯಾಡ ಚಿಕ್ಕವ್ವ, ಸುಮ್ನೆ ಇಬ್ರೂ ಓಡಾಡ್ಕಂಡಿರಿ" ಅಂದಳು.

ಓಡಾಡಿಕೊಂಡಿದ್ದೆವು, ಮಾನ್ಯರೇ. ತಮ್ಮ ಏಳು ಕೋಟೆಗಳಲ್ಲಿ ಬೆಳ್ಳಿಬೆಟ್ಟದ ಕೋಟೆಯೊಳಗೆ ಒಂದು ಊರು, ಊರ ಹಿಂದೆ ಬೆಟ್ಟ, ಬೆಟ್ಟದ ಮೇಲೊಂದು ಗುಡಿ ಇದೆಯಲ್ಲ, ದಿನಾ ಮಧ್ಯಾಹ್ನ ಮುದ್ದೆ ಉಂಡು ಪಾತ್ರೆ ತೊಳೆದಿಟ್ಟ ಮೇಲೆ ನಾವಿಬ್ಬರೂ ಅಲ್ಲಿಗೆ ನಡೆಯುತ್ತಿದ್ದೆವು. ತಾವು ಹೊನ್ನಕ್ಕನಿಗೆ ನೀಲಿ ಲಂಗ, ಬೆನ್ನಿಗೆ ಮಾರುದ್ದದ ಕತ್ತಿ, ಎರಡು ಕಾಲು ದಯಪಾಲಿಸಿದ್ದೀರಿ. ಕತ್ತಿಯನ್ನು ಅವಳು ಇದುವರೆಗೆ ಒರೆಯಿಂದ ಹೊರಗೆ ತೆಗೆದಿಲ್ಲ. ಕಾಲನ್ನು ಮಾತ್ರ ಬಿಡಲಿಲ್ಲ. ಮೊದಲನೇ ದಿನ ಮೆಟ್ಟಿಲ ಮೇಲೆ ಓಡಿಹೋಗಿ ಮೇಲಿನಿಂದ "ಬಾರೇ ಬ್ಯಾಗ, ಇನ್ನೂ ಅಲ್ಲೇ ಅವಳೆ ನೋಡು ಮುದುಕಿ" ಎಂದು ಕೂಗಿದಳು. ಎಂಟು ತಿಂಗಳಾಗಿತ್ತು ಅವಳು ನನ್ನನ್ನು ಆಡಿಕೊಂಡು. ಈ ಉಪಕಾರವನ್ನು ಮರೆತು ಬರೆಯುತ್ತಿದ್ದೇನೆಂದು ತಾವು ತಿಳಿಯಬಾರದು.

ಈಗ ನನ್ನ ಅಪರಾಧಕ್ಕೆ ಬರುತ್ತೇನೆ. ಬೆಟ್ಟದ ದೇವರಿಗೆ ಮೊಸರಿನ ಅಭಿಷೇಕ ಮಾಡಿಸಬೇಕೆಂದು ತಮ್ಮವರೇ ಒಂದು ಕೆಲಸ ಕೊಟ್ಟರು. ಹಸು ತೋರಿಸಿದಿರಿ, ಹಾಲು ಕರೆದೆ. ಮೊಸರಾಗಬೇಕಾದರೆ ಹೆಪ್ಪು ಬೇಡವೇ? ಬೆಟ್ಟದ ದಾರಿಯಲ್ಲಿ ಮನೆ ಮುಂದೆ ಒಬ್ಬ ಅಜ್ಜಿಯನ್ನು ನಿಲ್ಲಿಸಿದ್ದೀರಿ, ಅವಳು ಹೋಗಿ ಬರುವವರಿಗೆಲ್ಲ "ಬನ್ನಿ, ದಣಿದಿದ್ದೀರಿ, ಒಳಗೆ ಬನ್ನಿ" ಎಂಬ ಒಂದೇ ಮಾತನ್ನು ಹೇಳುತ್ತಾಳೆ. ಕರೆದಳಲ್ಲ ಎಂದು ಹೋದೆ. ಅಡಿಗೆಮನೆಯಲ್ಲಿ ಎಂಟು ಗಡಿಗೆ ಮೊಸರು ಸಾಲಾಗಿ ಇತ್ತು. "ಅಜ್ಜೀ, ಒಸಿ ಎಪ್ಪು ತಕಂಡೆ ಕಣಜ್ಜೀ" ಎಂದು ಬಾಯಿಬಿಟ್ಟು ಕೂಗಿ ಹೇಳಿಯೇ ಒಂದು ಗಡಿಗೆ ಮುಟ್ಟಿದೆ. ಚಮಚದಲ್ಲಿ ತೆಗೆಯುವ ಸೌಕರ್ಯವನ್ನು ತಾವು ಒದಗಿಸಿಲ್ಲವಾದ್ದರಿಂದ ಗಡಿಗೆಯೇ ಕೈಗೆ ಬಂತು.

ನಮ್ಮ ಬೀದಿಯಲ್ಲಿ, ಮಾನ್ಯರೇ, ಹೆಪ್ಪಿಗೆ ಯಜಮಾನರಿಲ್ಲ. ನನ್ನ ಮನೆಯಲ್ಲಿ ಮೊಸರು ಮುಗಿದ ದಿನ ಪಕ್ಕದ ಮನೆಗೆ ಹೋಗುತ್ತೇನೆ. ಆಕೆ ಹೊಲಕ್ಕೆ ಹೋಗಿದ್ದರೆ ನೆಲುವಿಗೆ ಕೈಹಾಕಿ ಒಂದು ಚಮಚ ತಂದುಕೊಳ್ಳುತ್ತೇನೆ, ಸಂಜೆ ಸಿಕ್ಕಾಗ ಹೇಳುತ್ತೇನೆ. ನಾಳೆ ಆಕೆಗೆ ಬೇಕಾದಾಗ ನನ್ನ ಮನೆಗೆ ಬರುತ್ತಾಳೆ. ಹೀಗೆ ಸುತ್ತಿ ಸುತ್ತಿ ಇಡೀ ಬೀದಿಯಲ್ಲಿರುವುದು ಒಂದೇ ಮೊಸರು. ನಮ್ಮತ್ತೆ ಅರಕಲಗೂಡಿನ ತವರಿನಿಂದ ತಂದಿದ್ದು, ಅತ್ತೆ ಹೋದರೂ ಅದು ಇದೆ. ಇದರಲ್ಲಿ ಯಾರು ಯಾರದನ್ನು ಕದ್ದರೆಂದು ಕಂಡುಹಿಡಿಯಲು ತಮ್ಮಂಥ ಸೂಕ್ಷ್ಮಮತಿಗಳು ಇಷ್ಟು ದಿನ ಇರಲಿಲ್ಲ.

ಗಡಿಗೆ ಸೊಂಟಕ್ಕೆ ಬರುವಷ್ಟರಲ್ಲಿ ಕೊಂಬು ಊದಿದರು. ಪರದೆ ಕೆಂಪಾಯಿತು. 'ಕಳ್ಳಿ, ಪುಣ್ಯದಲ್ಲಿ ನಲವತ್ತು ಕಡಿತ' ಎಂದು ಬರೆದು ಬಂತು. ನನ್ನ ತಲೆಯ ಸುತ್ತ ಕರಿಹೊಗೆ, ಹಣೆಯ ಮೇಲೆ ಆಡಿನ ಹಾಗೆ ಎರಡು ಕೊಂಬು. ಭಲ್ಲೆ ಹಿಡಿದ ಇಬ್ಬರು ನನ್ನನ್ನು ಕೋಟೆಯ ಬಾಗಿಲಿಂದ ಆಚೆ ನೂಕಿದರು. ಹೊನ್ನಕ್ಕ ಒಳಗೆ ಉಳಿದಳು. ಆ ಅಜ್ಜಿ ಆಗಲೂ "ಬನ್ನಿ, ದಣಿದಿದ್ದೀರಿ" ಎನ್ನುತ್ತಲೇ ಇದ್ದಳು. ಮಾರನೆಯ ದಿನ ಹಾಲಿಗೆ ಹೆಪ್ಪು ಹಾಕಿ, ಒಳ್ಳೆ ಗಟ್ಟಿ ಮೊಸರು ಮಾಡಿ, ಒಯ್ದ ಗಡಿಗೆಗೆ ತುಂಬಿ, ಅಜ್ಜಿಗೆ ಸೇರಲಿ ಎಂದು ಬಾಗಿಲ ಮುಂದೆ ಇಟ್ಟೆ. 'ರಸ್ತೆಯಲ್ಲಿ ಕಸ ಎಸೆದದ್ದಕ್ಕೆ ಎರಡು ಕಡಿತ' ಎಂದಿರಿ. ಇಂಥ ನಿಷ್ಪಕ್ಷಪಾತವನ್ನು ನಾನು ತಾಲ್ಲೂಕು ಕಚೇರಿಯಲ್ಲೂ ಕಂಡಿಲ್ಲ.

ಗುಡಿಯ ಬಾಗಿಲಲ್ಲಿ ನಿಲ್ಲಿಸಿಕೊಳ್ಳುವುದು ನಮ್ಮ ಮನೆತನಕ್ಕೆ ಹೊಸದೇನೂ ಅಲ್ಲ. ನಮ್ಮ ತಾತ ದ್ಯಾವಯ್ಯ ಸಾಯುವ ತನಕ ಊರ ಗುಡಿಗೆ ಕೈಮುಗಿದದ್ದು ಆಚೆಯ ಹುಣಸೆಮರದ ಕೆಳಗೆ ನಿಂತೇ. ಅವರನ್ನು ಹೊರಗೆ ನಿಲ್ಲಿಸಿದವರು ಕಾರಣವನ್ನೇ ಹೇಳಲಿಲ್ಲ. ತಾವು ನನಗೆ ಕಾರಣವನ್ನೂ ಅಂಕಿಯನ್ನೂ ಬಣ್ಣದ ಅಕ್ಷರದಲ್ಲಿ ತೋರಿಸಿದ್ದೀರಿ. ಕಾಲ ಎಷ್ಟು ಮುಂದುವರಿದಿದೆ ಎಂದು ತಾತನಿಗೆ ತೋರಿಸಬೇಕಿತ್ತು.

ಪಾಪ ತೊಳೆದುಕೊಳ್ಳಲು ತಾವು ದಾರಿ ಇಟ್ಟಿಲ್ಲವೆಂದು ನಾನು ಹೇಳಿದರೆ ನಾಲಿಗೆ ಸೀಳಿಹೋದೀತು. ದಾರಿ ತೋರಿಸಿಕೊಟ್ಟವನು ರಜನೀಶ್. ಚನ್ನರಾಯಪಟ್ಟಣದ ಬೈಕ್ ಶೋರೂಮಿನಲ್ಲಿ ಕೆಲಸ ಮಾಡುವ, ಹೆಂಡತಿ ಮಕ್ಕಳಿರುವ, ರಂಜಿನಿಯ ಪರಿಚಯದವನು. ತಮ್ಮ ರಾಜ್ಯದಲ್ಲಿ ಅವನು ಬಂಗಾರದ ಕವಚದ ಮಹಾವೀರ. ಹೋದ ತಿಂಗಳು ಕೋಟೆಯ ಹೊರಗಿನ ಒಂದು ಹಟ್ಟಿಗೆ ಬೆಂಕಿ ಇಟ್ಟು, ಹಾಲು ಮಾರುವವನೂ ಸೇರಿ ಹನ್ನೊಂದು ಜನರನ್ನು ಕಡಿದ. ಅವನಿಗೂ ಕೊಂಬು ಬಂದಿತ್ತು. ಬಾಗಿಲ ಬಳಿ ಕೂರುವ ಭಿಕ್ಷುಕನಿಗೆ ಬಾಳೆಹಣ್ಣು ಕೊಟ್ಟರೆ ಒಂದಕ್ಕೆ ಒಂದು ಪುಣ್ಯ. ಇವನು ಒಂದೇ ಸಂಜೆ, ಟೀವಿ ನೋಡುತ್ತಾ, ಒಂದು ಹೆಬ್ಬೆರಳಿನಲ್ಲಿ ಮುನ್ನೂರು ಹಣ್ಣು ಕೊಟ್ಟ. ಕೊಂಬು ಉದುರಿತು, ತಲೆಯ ಹಿಂದೆ ಪ್ರಭಾವಳಿ ಹುಟ್ಟಿತು, ನಗಾರಿ ಬಾರಿಸಿ ಒಳಗೆ ಕರೆದುಕೊಂಡಿರಿ. ಈಗ ಅವನ ಬಿರುದು ಧರ್ಮಾತ್ಮ. "ನಿಮ್ದು ಬರೀ ನಲ್ವತ್ತೆರಡು ಆಂಟಿ, ಟೀ ಕುಡಿಯೋ ಅಷ್ಟ್ರಲ್ಲಿ ಕ್ಲಿಯರ್ ಮಾಡ್ಕೋಬೋದು" ಎಂದು ನನಗೆ ಧೈರ್ಯ ಹೇಳಿದ. ಒಳ್ಳೆಯ ಮನುಷ್ಯ. ಮುನ್ನೂರು ಬಾಳೆಹಣ್ಣು ತಿಂದ ಆ ಭಿಕ್ಷುಕನ ಹೊಟ್ಟೆ ಏನಾಯಿತೆಂಬುದೊಂದೇ ನನಗಿರುವ ಚಿಂತೆ.

ಈ ಲೆಕ್ಕ ನೋಡಿದಾಗ ತಾವು ನಮ್ಮ ಕಡೆ ಬಂದುಹೋಗಿರಬೇಕು ಅನಿಸಿತು. ನಮ್ಮಲ್ಲಿ ಗುಂಡಯ್ಯ ಎಂಬ ದೊಡ್ಡವರಿದ್ದಾರೆ. ವಿಧವೆಯೊಬ್ಬಳ ಹೊಲದ ಗಡಿಕಲ್ಲು ಅವರ ಕಣ್ಣೆದುರಿಗೇ ವರ್ಷಕ್ಕೆ ಒಂದು ಮಾರು ತಾನಾಗಿ ನಡೆಯುತ್ತದೆ, ಅವರು ವರ್ಷಕ್ಕೊಮ್ಮೆ ಸಾವಿರ ಎಲೆ ಹಾಕಿ ಪಾಯಸ ಬಡಿಸುತ್ತಾರೆ, ಫ್ಲೆಕ್ಸಿನಲ್ಲಿ ಅವರ ತಲೆಯ ಹಿಂದೆಯೂ ಪ್ರಭಾವಳಿ ಇರುತ್ತದೆ. ನಮ್ಮಲ್ಲಿ ಇದಕ್ಕೆ ಒಂದು ವರ್ಷ ಹಿಡಿಯುತ್ತದೆ, ತಾವು ಒಂದು ಸಂಜೆಗೆ ಇಳಿಸಿದ್ದೀರಿ. ದಯಮಾಡಿ ಆಟ ಬಿಟ್ಟು ಬಂದು, ನಮ್ಮ ಕೆರೆ ಏರಿಯ ಮೇಲೆ, ಆಕಾಶದ ಬಲಮೂಲೆಯಲ್ಲಿ ಕಾಯಮ್ಮಾಗಿ ನೆಲೆಸಬೇಕು. ಯಾರ ತಲೆಯಲ್ಲಿ ಕೊಂಬಿದೆ ಎಂದು ನಮಗೂ ಕಾಣಲಿ. ಅಲ್ಲೂ ತಮಗೆ ಸಿಗುವುದು ಹೆಪ್ಪು ತಂದವರೇ ಎಂದು ನನಗೆ ಭರವಸೆ ಇದೆ.

ಹೊನ್ನಕ್ಕ ಗೋಗರೆದಳು. "ನಲ್ವತ್ತೆರಡು ಅಣ್ಣು ಬಿಸಾಕಿ ಒಳೀಕೆ ಬಾರೇ, ಅವನೇನು ದಿಟವಾಗ್ಲೂ ತಿಂದಾನಾ." ಅದಕ್ಕೇ ಕೊಡಲಾರೆ ಎಂದೆ. ಹಸಿದವನಿಗೆ ಕೊಡುವುದಾದರೆ ನನ್ನ ಪಾಲಿನದನ್ನೂ ಕೊಟ್ಟೇನು. ಕದಿಯದ ಮೊಸರಿಗೆ ಹಣ್ಣು ಕೊಟ್ಟರೆ ಕದ್ದೆನೆಂದು ಒಪ್ಪಿಕೊಂಡ ಹಾಗಾಗುತ್ತದೆ. ಆ ಒಂದು ಮಾತು ನನ್ನ ಬೆರಳಿಂದ ಬರಲಿಲ್ಲ. "ನಿನ್ನ ಅಟಮಾರಿತನ ನಿನಗೇ ಇರ್ಲಿ" ಎಂದು ಅವಳು ಫೋನು ಇಟ್ಟಳು. ಒಂಬತ್ತು ದಿನ ನಾನು ಬಾಗಿಲ ಆಚೆ, ಅವಳು ಈಚೆ. ಅವಳು ಬೆಟ್ಟಕ್ಕೂ ಹೋಗಲಿಲ್ಲ, ಬಾಗಿಲ ಸಂದಿಯಲ್ಲಿ ಕಾಣುವಂತೆ ಕೂತಿರುತ್ತಿದ್ದಳು. ಹತ್ತನೆಯ ದಿನ ಆಟಕ್ಕೇ ಬರಲಿಲ್ಲ. "ಅವ್ವ ತಿರ್ಗಾ ಗೋಡೆ ಕಡೀಕೆ ಮುಖ ಮಾಡ್ಕಂಡು ಕುಂತವಳೆ ಚಿಕ್ಕವ್ವ" ಎಂದು ರಂಜಿನಿ ಹೇಳಿದಾಗ ನಾನು ಬೆಟ್ಟದ ರಂಗಪ್ಪನ ಪಟದ ಮುಂದೆ ಕೂತು ಬಹಳ ಹೊತ್ತು ಯೋಚಿಸಿದೆ. ಸೋತೆ ಎಂದೇ ಇಟ್ಟುಕೊಳ್ಳಿ. ಮಾರನೆಯ ಮಧ್ಯಾಹ್ನ ನಲವತ್ತೆರಡು ಹಣ್ಣು ಕಟ್ಟಿಕೊಂಡು ಆ ಭಿಕ್ಷುಕನ ಮುಂದೆ ಹೋಗಿ ನಿಂತೆ.

ಮೊದಲನೇ ಹಣ್ಣು ಕೈಯಲ್ಲಿತ್ತು. ಕೋಟೆಯೊಳಗೆ ಕೊಂಬು ಊದಿದರು. ಬಾಗಿಲು ತೆರೆಯಿತು. ಭಲ್ಲೆಯವರಿಬ್ಬರು ನೀಲಿ ಲಂಗದ ಹೆಂಗಸೊಬ್ಬಳನ್ನು ಆಚೆ ನೂಕಿದರು. ತಲೆಯ ಸುತ್ತ ಹೊಗೆ, ಹಣೆಯ ಮೇಲೆ ನನ್ನವುಗಳಿಗಿಂತ ಗೇಣುದ್ದ ಹೆಚ್ಚಿನ ಕೊಂಬು. ಕಿವಿಯಲ್ಲಿ ಹೊನ್ನಕ್ಕನ ನಗು. "ಉಳ್ದಿದ್ದ ಏಳೂ ಗಡಿಗೆ ಎತ್ತಾಕಂಡೆ ಕಣೇ, ಒಂದಕ್ಕೆ ಎಲ್ಲಿ ಆಚೀಕೆ ಆಕ್ತಾರೋ ಇಲ್ವೋ ಅಂತಾವ. ಅಣ್ಣು ಕೆಳಗಿಕ್ಕು, ನಡಿ." ಪಕ್ಕದ ಮನೆಯ ನುಗ್ಗೆಕಾಯಿ ನಮ್ಮ ಅಂಗಳಕ್ಕೆ ಬಿದ್ದರೆ ಎತ್ತಿಕೊಂಡು ಹೋಗಿ ಕೊಟ್ಟುಬರುತ್ತಿದ್ದವಳು ಅವಳು, ಮಾನ್ಯರೇ. ಐವತ್ತೇಳು ವರ್ಷಕ್ಕೆ ಅವಳನ್ನು ಕಳ್ಳಿ ಮಾಡಿದ ಕೀರ್ತಿ ತಮಗೆ ಸಲ್ಲಬೇಕು.

ಆದ್ದರಿಂದ ಈ ಪತ್ರದ ಮೊದಲ ಸಾಲು ಬರೆಯುವಾಗ ನನ್ನ ಕಳಂಕ ತೊಳೆಯಿರಿ ಎಂದು ಕೇಳುವ ಮನಸ್ಸಿದ್ದುದನ್ನು ಈಗ ಹಿಂದಕ್ಕೆ ಪಡೆಯುತ್ತಿದ್ದೇನೆ. ಪಾಪಿಗಳಿಗೆಂದು ತಾವು ಬಿಟ್ಟಿರುವ ಕಾಡು ವಿಶಾಲವಾಗಿದೆ. ಗುಡಿಯಿಲ್ಲ, ಕಲ್ಲೊಂದಿದೆ, ಅದಕ್ಕೇ ಹೂವಿಟ್ಟು ಅಭಿಷೇಕ ಮಾಡಿದೆವು, ಮೊಸರು ಹೇಗೂ ಎಂಟು ಗಡಿಗೆ ಇತ್ತು. ಹೊನ್ನಕ್ಕ ಮುಂದೆ ಓಡುತ್ತಾಳೆ, ನಾನು ಹಿಂದೆ. ನಮ್ಮ ಪ್ರಾರ್ಥನೆ ಇಷ್ಟೇ. ಹಬ್ಬಕ್ಕೋ ಹುಣ್ಣಿಮೆಗೋ ಸಾಮೂಹಿಕ ಕ್ಷಮೆ ಘೋಷಿಸುವ ಚಪಲ ತಮಗೆ ಬಂದರೆ ನಮ್ಮಿಬ್ಬರ ಹೆಸರನ್ನು ಮರೆಯದೆ ಬಿಟ್ಟುಬಿಡಬೇಕು. ಆ ಅಜ್ಜಿಗೆ ಎರಡನೆಯ ಮಾತೊಂದನ್ನು ಕಲಿಸಬೇಕು, "ತಕ್ಕೊಂಡು ಹೋಗವ್ವ" ಎಂಬ ಎರಡು ಪದ ಸಾಕು. ಕಾಡಿನಲ್ಲಿ ಒಂದು ಜಗಲಿ ಕಟ್ಟಿಸಿಕೊಡಬೇಕು, ನನಗೆ ಕೂರುವುದಕ್ಕೆ. ಅವಳಿಗೆ ಬೇಡವಂತೆ, ಕೂತು ಕೂತು ಸಾಕಾಗಿದೆಯಂತೆ.

ಕೊಂಬಿನ ಭಾರಕ್ಕೆ ತಲೆ ತಗ್ಗಿಸದೆ ಉಳಿದಿರುವ,
ತಮ್ಮ ವಿಶ್ವಾಸಿ,
ಲಕ್ಷ್ಮಿದೇವಮ್ಮ

ಮರೆತ ಮಾತು: ಕೊಂಬಿನವರನ್ನು ಕಡಿದರೆ ತಲೆಗೆ ಐದು ಪುಣ್ಯವೆಂದು ತಾವು ಸಾರಿದ್ದೀರಂತೆ. ಈಚೆಗೆ ಧರ್ಮಾತ್ಮ ರಜನೀಶ್ ಕತ್ತಿ ಎತ್ತಿಕೊಂಡು ಕಾಡಿಗೆ ಬಂದ. ಹೊನ್ನಕ್ಕ ಅವನನ್ನು ನೋಡಿ "ಬಿಸ್ಲಲ್ಲಿ ಬಂದಿದೀಯ ಕಣಪ್ಪ, ತಕೋ" ಎಂದು ಒಂದು ಗಡಿಗೆ ಮೊಸರು ಕೊಟ್ಟಳು. ಅವನು ನಿಂತ, "ಅಯ್ಯೋ, ನೀವಾ" ಅಂದ, ಕತ್ತಿ ಕೆಳಗಿಟ್ಟು ಕುಡಿದ. ಪಾಪಿಗಳ ಕೈಯಿಂದ ಉಂಡದ್ದಕ್ಕೆ ಅವನಿಂದ ಮೂವತ್ತು ಕಡಿದುಕೊಂಡಿರಿ. ಹಣೆಯ ಎಡಭಾಗದಲ್ಲಿ ಒಂದು ಕೊಂಬು ಮೊಳೆತಿದೆ. ನಾಲ್ಕು ದಿನವಾಯಿತು, ಅವನು ಇನ್ನೂ ಬಾಳೆಹಣ್ಣಿಗೆ ಹೋಗಿಲ್ಲ. ನಿನ್ನೆ ಮಧ್ಯಾಹ್ನ ಮತ್ತೆ ಬಂದು, ಹೆಪ್ಪು ಇದೆಯಾ ಎಂದು ಕೇಳಿದ.