ರೂಪಾಯಿ ಬಿತ್ತು, ಅತ್ತೆ ಎಣ್ಣೆ ಕೊಂಡಳು

ಡಾಲರ್ ಎದುರು ರೂಪಾಯಿ ಬಿದ್ದದ್ದಕ್ಕೆ ನಾನು ಹೊಣೆಯಲ್ಲ. ಆದರೆ ತಿ. ನರಸೀಪುರದ ನಮ್ಮ ಸೋದರತ್ತೆ ನಾಲ್ಕು ಟಿನ್ ಎಣ್ಣೆ ಕೊಂಡದ್ದಕ್ಕೆ ಪೂರ್ತಿ ನಾನೇ ಹೊಣೆ ಎಂದು ಈ ಮೂಲಕ ತಪ್ಪೊಪ್ಪಿಕೊಳ್ಳುತ್ತೇನೆ.

ನನಗೆ ಮಿಮಿಕ್ರಿಯ ಚಟ. ನಂಜನಗೂಡಿನಲ್ಲಿ ನಾನು ಅನುಕರಿಸದ ಗಂಟಲಿಲ್ಲ. ನನ್ನ ಸ್ವಂತ ಗಂಟಲು ಯಾವುದೆಂದು ಅವ್ವನಿಗೇ ಅನುಮಾನ. ಆ ಶುಕ್ರವಾರ ರೂಪಾಯಿ ಕುಸಿದ ಸುದ್ದಿ ಕೇಳಿದ್ದೇ ತಡ, ಟಿವಿ ವಾರ್ತೆಯವರ ದನಿಯಲ್ಲಿ "ರೂಪಾಯಿ ಪಾತಾಳಕ್ಕೆ! ನಾಳೆಯಿಂದ ಎಣ್ಣೆ ದರ ದುಪ್ಪಟ್ಟು! ಬೇಕಾದವರು ಇಂದೇ ತುಂಬಿಸಿಕೊಳ್ಳಿ!" ಎಂದು ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಸಂಜೆಯಾದರೆ ಬಾರಿನ ದಾರಿ ಹಿಡಿಯುವ ಗೆಳೆಯ ಮಹೇಶನಿಗೆ ಬಿಟ್ಟ ಬಾಣವದು. ಹೋಗಿ ನಾಟಿದ್ದು ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ!

ಬಸ್ ಸ್ಟ್ಯಾಂಡ್ ಪಕ್ಕ ಬೋಂಡಾ ಅಂಗಡಿ ಇಟ್ಟಿರುವ ಅತ್ತೆಗೆ ಎಣ್ಣೆ ಎಂದರೆ ಒಂದೇ ಅರ್ಥ. ಹಡಗಿನಲ್ಲಿ ಬರುವ ಪಾಮ್ ಎಣ್ಣೆಗೆ ಡಾಲರಿನಲ್ಲೇ ದುಡ್ಡು ಕಟ್ಟಬೇಕಂತೆ. ರೂಪಾಯಿ ಸೊರಗಿದರೆ ಎಣ್ಣೆ ಏರುತ್ತದೆ. ಬೋಂಡಾದ ಬೆಲೆ ಏರಿಸಿದರೆ ಗಿರಾಕಿ ಪಕ್ಕದ ಗಾಡಿಗೆ ಹೋಗುತ್ತಾನೆ. ಹಾಗಾಗಿ ಅತ್ತೆ ಬೋಂಡಾವನ್ನೇ ಸಣ್ಣದು ಮಾಡುತ್ತಾ ಬಂದು, ಈಗದು ಗೋಲಿಯಷ್ಟಾಗಿದೆ. ಇನ್ನು ಸಣ್ಣದು ಮಾಡಲು ಏನೂ ಉಳಿದಿಲ್ಲವೆಂದು, ಮಗಳು ಸೌಮ್ಯಳ ಕಾಲೇಜು ಫೀಸಿನ ದುಡ್ಡನ್ನೆಲ್ಲ ಎಣ್ಣೆಗೆ ಸುರಿದಿದ್ದಳು. ಫೀಸಿಗೆ ಸೋಮವಾರವೇ ಕಡೇ ದಿನ!

ಸುದ್ದಿ ತಿಳಿದು ಶನಿವಾರ ಮೊದಲ ಬಸ್ಸಿಗೇ ನರಸೀಪುರಕ್ಕೆ ಓಡಿದೆ.

"ನಾನ್ ಹೇಳಿದ್ದು ಈ ಎಣ್ಣೆ ಅಲ್ಲ ಕಣತ್ತೆ, ಆ ಎಣ್ಣೆ."

"ಆ ಎಣ್ಣೇಲಿ ಬೋಂಡ ಬೇಯ್ತದಾ?"

ಎಣ್ಣೆ ಮಾರಿದ ಅಂಗಡಿ ಮಾದಪ್ಪನವರನ್ನು ಅತ್ತೆ ಕೇಳಿದ್ದಕ್ಕೆ, ಮಾರಿದ ಮಾಲು ವಾಪಸಿಲ್ಲ ಅಂದರಂತೆ. ನನ್ನ ಕಲೆ ಇನ್ಯಾವಾಗ ಬಳಕೆಗೆ? ಎಣ್ಣೆ ಕಂಪನಿಯ ಸಾಹೇಬರ ಗಂಟಲಿನಲ್ಲಿ ಅವರಿಗೆ ಫೋನು ಮಾಡಿ, ನಿನ್ನೆ ಮಾರಿದ ಟಿನ್ನುಗಳನ್ನು ಕೂಡಲೇ ವಾಪಸು ಪಡೆಯತಕ್ಕದ್ದು ಎಂದು ಅಪ್ಪಣೆ ಹೊರಡಿಸಿದೆ.

"ಆಯ್ತು ಸಾ. ನಿಮ್ಮಾಫೀಸ್ ಒಳಗೆ ಅದ್ಯಾಕ್ ಸಾ ಕಂಡಕ್ಟ್ರು ನಂಜನ್ಗೂಡ್, ನಂಜನ್ಗೂಡ್ ಅಂತ ಕೂಗ್ತಾವ್ನೆ?"

ನಾನು ನಿಂತದ್ದು ಬಸ್ ಸ್ಟ್ಯಾಂಡಿನಲ್ಲಿ!

ಹತ್ತೇ ನಿಮಿಷಕ್ಕೆ ಮಾದಪ್ಪನವರು ಖುದ್ದು ಬಂದರು. ಹೊಡೆಯಲಿಕ್ಕೇ ಇರಬೇಕೆಂದು ನಾನು ಬೆಂಚಿನ ಹಿಂದೆ ಸರಿದೆ. ಅವರೋ ನಕ್ಕೂ ನಕ್ಕೂ ಕೆಮ್ಮುತ್ತಿದ್ದರು. ಬೆಳಿಗ್ಗೆ ಬಂದ ಹೊಸ ಲೋಡಿಗೆ ದರ ನಿಜಕ್ಕೂ ಏರಿದೆಯಂತೆ, ದುಪ್ಪಟ್ಟಲ್ಲ, ಒಂದಿಷ್ಟು. ಹಳೇ ಟಿನ್ನು ವಾಪಸು ಬಂದರೆ ಲಾಭ ಅವರಿಗೇ. ಕೊಟ್ಟ ದುಡ್ಡು ಅತ್ತೆಯ ಕೈಗೆ ಹಾಗೇ ಮರಳಿತು. ಸೌಮ್ಯ ಅದನ್ನು ಕಿತ್ತುಕೊಂಡವಳೇ ಕಾಲೇಜಿಗೆ ಓಡಿದಳು. ನಾನು ಇನ್ನೊಂದು ಬಾಣ ಬಿಡುವ ಮೊದಲೇ ಫೀಸು ಕಟ್ಟಿಬಿಡುವ ಆತುರ ಅವಳಿಗೆ.

ನನಗೆ ಹೋದ ಉಸಿರು ಬಂತು. ಹಿಂದೆಯೇ ನಾಲಗೆಯೂ ಬಂತು. "ನೋಡ್ದಾ ಅತ್ತೆ, ನನ್ ವಾರ್ತೆ ನಿಜಾನೇ ಆಯ್ತು" ಎಂದೆ, ಅದೂ ಟಿವಿಯವರ ದನಿಯಲ್ಲಿ.

ಅತ್ತೆ ಬಾಣಲೆಯಿಂದ ತಲೆ ಎತ್ತಲಿಲ್ಲ.

"ಎಲ್ಲಾರ್ ತರನೂ ಮಾಡ್ತೀಯಲ್ಲ, ಒಂದ್ ಕಿತ ಬಾಯ್ ಮುಚ್ಕಂಡಿರೋನ್ ತರ ಮಾಡು ಕಣ್ಲಾ, ನೋಡವ."