ದೂರವೂ ಬೇಕು, ಹತೋಟಿಯೂ ಬೇಕು

ನಾನು ನಿಂತಿದ್ದು ಖಾರಘರ್ ಗುಡ್ಡದ ತಪ್ಪಲಿನ ಗಾಲ್ಫ್ ಮೈದಾನದಲ್ಲಿ, ಆಟ ಶುರುವಾಗುವ ಮೊದಲ ಹುಲ್ಲುಕಟ್ಟೆಯ ಮೇಲೆ, ಗುಡ್ಡಕ್ಕೆ ಬೆನ್ನು ಮಾಡಿ. ವಿಜಯದಶಮಿಯ ಮರುದಿನ, ಭಾನುವಾರ. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿರಲಿಲ್ಲ. ನಮ್ಮ ಕಂಪನಿಯ ದೊಡ್ಡ ಸಾಹೇಬರಾದ ಗೋಖಲೆಯವರು ನನ್ನ ಎಡಕ್ಕೆ, ಸ್ವಲ್ಪ ಮುಂದೆ, ಆಟದ ನಿಯಮದ ಪ್ರಕಾರ ಯಾರೂ ನಿಲ್ಲಬಾರದ ಜಾಗದಲ್ಲಿ ಫೋನಿನಲ್ಲಿ ಮಾತಾಡುತ್ತ ನಿಂತಿದ್ದರು. ಸಹೋದ್ಯೋಗಿ ಬಿರಾದಾರ್ ಮತ್ತು ಮೈದಾನದಲ್ಲಿ ಕೋಲುಗಳ ಚೀಲ ಹೊರುವ ಕಾಂಬಳೆ ನನ್ನ ಹಿಂದಿದ್ದರು. ಇಷ್ಟನ್ನು ನಾನು ಯಾವ ಕೋರ್ಟಿನಲ್ಲಿ ಬೇಕಾದರೂ ಹೇಳಬಲ್ಲೆ. ಇದರ ನಂತರದ್ದರಲ್ಲಿ ನನಗೆ ಸ್ವಲ್ಪ ಗೊಂದಲವಿದೆ. ಇದಕ್ಕೆ ಮುಂಚಿನದ್ದರಲ್ಲಂತೂ ಪೂರ್ತಿ ಗೊಂದಲವೇ.

ಗಾಲ್ಫ್ ಆಡುವ ಆಸೆ ನನಗೆ ಯಾವ ವಯಸ್ಸಿನಲ್ಲೂ ಇರಲಿಲ್ಲ. ಉಡುಪಿಯ ಕಡೆಯಿಂದ ಬಂದು ಕಾಮೋಠೆಯಲ್ಲಿ ಮನೆ ಮಾಡಿ, ದಿನವೂ ಲೋಕಲ್ ರೈಲಿನಲ್ಲಿ ಬೇಲಾಪುರದ ಆಫೀಸಿಗೆ ಹೋಗಿಬರುವವನಿಗೆ ನಿಂತುಕೊಳ್ಳಲು ಜಾಗ ಸಿಕ್ಕಿದರೆ ಅದೇ ಆಟ. ಆದರೆ ದಸರೆಗೆ ಮುಂಚೆ ಒಂದು ಸುದ್ದಿ ಹಬ್ಬಿತು. ನಾಗಪುರದ ಗೋದಾಮಿಗೆ ನಮ್ಮ ವಿಭಾಗದಿಂದ ಒಬ್ಬರನ್ನು ಕಳಿಸುತ್ತಾರಂತೆ. ಒಂದೋ ನಾನು, ಇಲ್ಲ ಬಿರಾದಾರ್. ಅದೇ ವಾರ ಸಾಹೇಬರು ನಮ್ಮಿಬ್ಬರನ್ನೂ ಕರೆದು, ಭಾನುವಾರ ಗಾಲ್ಫಿಗೆ ಬನ್ನಿ, ಅಲ್ಲಿ ನಿಧಾನವಾಗಿ ಮಾತಾಡೋಣ ಎಂದರು. ಮನೆಗೆ ಬಂದು ಹೇಳಿದಾಗ ನನ್ನ ಹೆಂಡತಿ ಸುಮತಿ ದೋಸೆ ಹಿಟ್ಟು ತುಂಬುತ್ತಿದ್ದವಳು ಕೈ ನಿಲ್ಲಿಸಿದಳು. ಕಾಮೋಠೆಯ ಅರ್ಧ ಸೆಕ್ಟರಿಗೆ ಅವಳದೇ ಹಿಟ್ಟು. ಮಗಳು ಹನ್ನೆರಡನೆಯ ತರಗತಿ. "ನಾಗಪುರದಲ್ಲಿ ನನ್ನ ಹಿಟ್ಟು ಯಾರು ತಗೊಳ್ತಾರೆ ಮಾರಾಯ್ರೆ? ಆ ಬಿಸಿಲಿಗೆ ಅದು ಬಾಗಿಲು ದಾಟುವ ಮೊದಲೇ ಹುಳಿ ಬರ್ತದೆ. ಎಂತ ಆಡ್ಲಿಕ್ಕುಂಟೋ ಆಡಿ, ಒಟ್ಟು ನಾವು ಇಲ್ಲೇ ಇರ್ಬೇಕು" ಎಂದಳು.

ಹಾಗಾಗಿ ನನಗೊಂದು ಡ್ರೈವರ್ ಬೇಕಾಯಿತು. ಮೊದಲ ಹೊಡೆತಕ್ಕೆ ಬಳಸುವ, ಎಲ್ಲಕ್ಕಿಂತ ಉದ್ದನೆಯ, ತುದಿಯಲ್ಲಿ ತೆಂಗಿನ ಚಿಪ್ಪಿನಷ್ಟು ದಪ್ಪ ತಲೆಯಿರುವ ಕೋಲಿಗೆ ಆ ಹೆಸರು. ಉಳಿದ ಕೋಲುಗಳನ್ನು ಸಾಹೇಬರು ಕೊಡುತ್ತಾರಂತೆ; ಡ್ರೈವರ್ ಮಾತ್ರ ಅವರವರದೇ ಇರಬೇಕಂತೆ. ವಾಶಿಯ ಅಂಗಡಿಯ ಹುಡುಗ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ: "ಅಂಕಲ್, ಡಿಸ್ಟೆನ್ಸ್ ಚಾಹಿಯೇ ಯಾ ಕಂಟ್ರೋಲ್?" ದೂರವೂ ಬೇಕು, ಹತೋಟಿಯೂ ಬೇಕು ಎಂದೆ. ಎರಡೂ ಒಂದೇ ಕೋಲಿನಲ್ಲಿ ಪೂರ್ತಿಯಾಗಿ ಸಿಗುವುದಿಲ್ಲ ಎಂದು ಅವನು ವಿವರಿಸಿದ. ದಂಡ ಉದ್ದವಾದರೆ ಚೆಂಡು ದೂರ ಹೋಗುತ್ತದೆ, ಎಲ್ಲಿಗೆ ಎಂಬುದು ದೇವರಿಗೆ ಗೊತ್ತು. ಗಿಡ್ಡವಾದರೆ ಹೇಳಿದ ಕಡೆ ಹೋಗುತ್ತದೆ, ಹೆಚ್ಚು ದೂರ ಹೋಗುವುದಿಲ್ಲ. ಕೋಲಿನ ಮುಖದ ಓರೆ ಕಡಿಮೆಯಿದ್ದರೆ ಜೋರಾಗಿ ಬೀಸುವವರಿಗೆ ಒಳ್ಳೆಯದು. ಹೆಚ್ಚಿದ್ದರೆ ನಮ್ಮಂಥವರಿಗೂ ಚೆಂಡು ಗಾಳಿಗೇಳುತ್ತದೆ. ದಂಡ ಬಳುಕುವುದೇ, ಬಿಗಿಯಾದುದೇ ಎಂಬುದು ಬೇರೆ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ಹೊಡೆತ ಅಳೆಯುವ ಯಂತ್ರದ ಪರದೆಯ ಮುಂದೆ ನಿಲ್ಲಿಸಿ, ಒಮ್ಮೆ ಬೀಸಿ ಎಂದ. ಬೀಸಿದೆ. ಯಂತ್ರ ಬಹಳ ಹೊತ್ತು ಯೋಚಿಸಿ, ಹೊಡೆತ ಪತ್ತೆಯಾಗಲಿಲ್ಲ ಎಂದು ಬರೆದು ತೋರಿಸಿತು.

ಖರೀದಿಸದೆ ಹಿಂತಿರುಗಿದೆ. ಮರುದಿನ ಲೋಕಲಿನಲ್ಲಿ ಬಿರಾದಾರರನ್ನು ಕೇಳಿದೆ. ಅವರು ವಿಜಯಪುರದ ಕಡೆಯವರು, ಅಭಿಪ್ರಾಯಕ್ಕೆ ಎಂದೂ ಬರವಿಲ್ಲ. "ರಾಯರ, ಉದ್ದಂದ ತಗೋರಿ. ಗಿಡ್ಡ ಕೋಲ ಹಿಡಕೊಂಡ ಸಾಹೇಬ್ರ ಮುಂದ ನಿಂತ್ರ ನಾಯಿ ಓಡಸಾಕ ಬಂದಂಗ ಕಾಣ್ತದ" ಎಂದರು. ಹೌದೆನ್ನಿಸಿತು. ಇಳಿಯುವ ಹೊತ್ತಿಗೆ, ನಾನು ಕೆಟ್ಟದಾಗಿ ಆಡಿದರೆ ನಾಗಪುರ ತಪ್ಪುವುದು ಇವರಿಗಲ್ಲವೇ ಎಂಬ ಅನುಮಾನ ಬಂತು. ಆಫೀಸು ತಲುಪುವುದರೊಳಗೆ ಇನ್ನೊಂದು: ಚೆನ್ನಾಗಿ ಆಡಿದವನನ್ನು ಸಾಹೇಬರು ಹತ್ತಿರ ಇಟ್ಟುಕೊಳ್ಳುತ್ತಾರೋ, ಸಮರ್ಥನೆಂದು ನಾಗಪುರಕ್ಕೆ ಕಳಿಸುತ್ತಾರೋ? ಇದನ್ನು ಮನೆಯಲ್ಲಿ ಚರ್ಚೆಗಿಟ್ಟೆ. ಮಗಳಿಗೆ ನಮ್ಮ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. "ಪಪ್ಪಾ, ಪೆಹ್ಲೇ ಬಾಲ್ ಕೋ ಲಗ್ನೇ ತೋ ದೋ" ಎಂದು ಪುಸ್ತಕ ತಿರುವಿದಳು. ಮೊದಲು ಚೆಂಡಿಗೆ ತಗಲಲಿ ಎಂಬ ಈ ಮಾತು ಮಾತ್ರ ನನಗೆ ಸ್ಪಷ್ಟವಾಗಿ ಅರ್ಥವಾಯಿತು. ಕೊನೆಗೆ ದಂಡ ಮಧ್ಯಮ ಉದ್ದದ್ದು, ತಲೆ ದೊಡ್ಡದು, ಓರೆ ಹೆಚ್ಚಿನದು, ಹಿಡಿಗೆ ಒಳ್ಳೆಯ ರಬ್ಬರಿನ ಹೊದಿಕೆಯಿರುವ ಡ್ರೈವರ್ ತಂದೆ. "ಈ ಹಿಡಿ ಜಾರುವುದೇ ಇಲ್ಲ" ಎಂದು ಅಂಗಡಿಯವನು ಭರವಸೆ ಕೊಟ್ಟಿದ್ದ.

ತಂದದ್ದು ಆಯುಧಪೂಜೆಯ ಹಿಂದಿನ ಸಂಜೆ. ಸುಮತಿಯ ತವರು ಹೋಟೆಲಿನ ಮನೆ. ಅಲ್ಲಿ ಆ ದಿನ ಗ್ರೈಂಡರಿನಿಂದ ಹಿಡಿದು ಈಳಿಗೆಮಣೆಯವರೆಗೆ ಎಲ್ಲವನ್ನೂ ತೊಳೆದು, ಎಣ್ಣೆ ಸವರಿ, ಕುಂಕುಮವಿಟ್ಟು ಸಾಲಾಗಿ ಇಡುವ ಪದ್ಧತಿ. ನಮ್ಮ ಮನೆಯಲ್ಲೂ ಹಾಗೆಯೇ. ಈ ಸಲ ಹಿಟ್ಟಿನ ಗ್ರೈಂಡರಿನ ಪಕ್ಕ ನನ್ನ ಡ್ರೈವರ್ ಗೋಡೆಗೊರಗಿ ಮಲ್ಲಿಗೆ ಮುಡಿದು ನಿಂತಿತ್ತು. ನೋಡಿ ಮನಸ್ಸು ತುಂಬಿ, ಅಡ್ಡಬಿದ್ದೆ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿ ಕಳೆಯುವವರೆಗೆ ಮುಟ್ಟುವಂತಿಲ್ಲವಾದ್ದರಿಂದ ಅಭ್ಯಾಸ ಮಾಡುವ ಪ್ರಶ್ನೆಯೇ ಬರಲಿಲ್ಲ. ಭಾನುವಾರ ಬೆಳಗ್ಗೆ ಚೀಲಕ್ಕೆ ಹಾಕಿಕೊಂಡು ಹೊರಟೆ.

ಹುಲ್ಲುಕಟ್ಟೆಯ ಮೇಲೆ ಕೋಲು ಹಿಡಿದಾಗ ಅಂಗೈಗೆ ಏನೋ ನುಣುಪೆನ್ನಿಸಿತು. ಭಯದ ಬೆವರಿರಬೇಕೆಂದು ಕೈಗಳನ್ನು ಪ್ಯಾಂಟಿಗೆ ಒರೆಸಿಕೊಂಡೆ, ಹಿಡಿಯನ್ನು ಒರೆಸಲಿಲ್ಲ. ಸಾಹೇಬರ ಫೋನಿನ ಆಚೆ ತುದಿಯಲ್ಲಿ ನಾಗಪುರದ ಮ್ಯಾನೇಜರ್ ಇದ್ದರು. "ಹಾಂ, ಏಕ್ ಮಾಣೂಸ್ ಪಾಠವತೋ" ಎಂಬುದು ಕಿವಿಗೆ ಬಿತ್ತು. ಒಬ್ಬನನ್ನು ಕಳಿಸುತ್ತೇನೆ ಎಂದು. ಆ ಒಬ್ಬ ನಾನಾಗದಿರಲಿ ಎಂದುಕೊಂಡು ಇದ್ದ ಶಕ್ತಿಯನ್ನೆಲ್ಲ ಸೇರಿಸಿ ಬೀಸಿದೆ. ಕೈ ಹಗುರವಾಯಿತು. ಡ್ರೈವರ್ ಎಷ್ಟು ಎತ್ತರ ಹೋಯಿತು ಎಂಬುದರಲ್ಲಿ ಭಿನ್ನಾಭಿಪ್ರಾಯವಿದೆ. ಸಾಹೇಬರ ತಲೆಯ ಮೇಲಿಂದ ಸುತ್ತುತ್ತ ಹೋಯಿತೆಂಬುದರಲ್ಲಿ ಇಲ್ಲ. "ಆಯೀ ಗಂ!" ಎಂದು ಸಾಹೇಬರು ಅಮ್ಮನನ್ನು ಕರೆದ ಕೂಗು ಕೇಳಿತು. ನಾನು ನೋಡಿದಾಗ ಸಾಹೇಬರು ಒದ್ದೆ ಹುಲ್ಲಿನ ಮೇಲೆ ಬೋರಲಾಗಿ ಮಲಗಿದ್ದರು. ಬಿಳಿ ಪ್ಯಾಂಟು ಹಸಿರಾಗಿತ್ತು, ಫೋನು ಮಾತ್ರ ಕಿವಿಗೇ ಇತ್ತು. ಡ್ರೈವರ್ ಆಚೆಯ ಕೊಳದಲ್ಲಿ ಮುಳುಗುತ್ತಿತ್ತು. ನೀರಿನ ಮೇಲೆ ಎಣ್ಣೆಯ ಬಣ್ಣ ಹರಡಿದ್ದನ್ನು ನೋಡಿದ ಮೇಲೆಯೇ ನನಗೆ ಸುಮತಿಯ ಕೈವಾಡ ಹೊಳೆದದ್ದು. ಬಿರಾದಾರ್ ಬಾಯಿಗೆ ಕೈ ಅಡ್ಡ ಹಿಡಿದು ಕಿಸಕ್ಕನೆ ನಕ್ಕರು. ಆಮೇಲೆ ಮೆಲ್ಲಗೆ, "ರಾಯರ, ಚೆಂಡ ಇಲ್ಲೇ ಐತ್ರಿ" ಎಂದರು.

ನಮ್ಮಿಬ್ಬರಿಗೂ ನಾಗಪುರ ಖಚಿತವೆಂದುಕೊಂಡೆ. ಒಬ್ಬ ಹೊಡೆದದ್ದಕ್ಕೆ, ಇನ್ನೊಬ್ಬ ನಕ್ಕದ್ದಕ್ಕೆ. ಮನೆಗೆ ಬಂದು ಹೇಳಿದಾಗ ಸುಮತಿ, "ಹಿಡಿಗೆ ಎಣ್ಣೆ ಹಾಕ್ಬಾರ್ದು ಅಂತ ನೀವು ಹೇಳಿದ್ರಾ?" ಎಂದು ನನ್ನನ್ನೇ ಕೇಳಿ, ಅಟ್ಟದ ಮೇಲಿನ ಖಾಲಿ ಪೆಟ್ಟಿಗೆಗಳನ್ನು ಇಳಿಸತೊಡಗಿದಳು. ಸೋಮವಾರ ಸಾಹೇಬರು ನಮ್ಮನ್ನು ಒಳಗೆ ಕರೆದು ಬಾಗಿಲು ಹಾಕಿಕೊಂಡರು. ನಾಗಪುರದವರು ನನ್ನ ಕೂಗು ಕೇಳಿದ್ದಾರೆ ಎಂದರು. "ತಿಥೇ ಗೇಲಾತ್ ತರ್ ಬಾಕೀಚಂ ತುಮ್ಹೀ ಸಾಂಗಾಲ್. ಇಥೇಚ್ ರಾಹಾ." ಅಲ್ಲಿಗೆ ಹೋದರೆ ಉಳಿದದ್ದನ್ನು ನೀವು ಹೇಳಿಬಿಡುತ್ತೀರಿ, ಇಲ್ಲೇ ಬಿದ್ದಿರಿ ಎಂದರ್ಥ. ನಾಗಪುರಕ್ಕೆ, ಭಾನುವಾರ ಮನೆಯಲ್ಲಿ ಹಾಯಾಗಿ ಮಲಗಿದ್ದ ಬೇರೆ ವಿಭಾಗದವರೊಬ್ಬರು ಹೋದರು. ಸುಮತಿ ಪೆಟ್ಟಿಗೆಗಳನ್ನು ಮತ್ತೆ ಅಟ್ಟಕ್ಕೇರಿಸಿ, ಎಣ್ಣೆಯ ಮಹಿಮೆಯನ್ನು ಹಿಟ್ಟು ಕೊಳ್ಳಲು ಬಂದವರಿಗೆಲ್ಲ ಹೇಳುತ್ತಿದ್ದಾಳೆ.

ಸಾಹೇಬರಿಗೆ ಕನ್ನಡ ಓದಲು ಬಾರದೆಂಬ ಧೈರ್ಯದ ಮೇಲೆ ಇಷ್ಟು ಬರೆದಿದ್ದೇನೆ. ನಂಬದವರು ಕಣ್ಣಾರೆ ಕಂಡವರನ್ನು ಕೇಳಬಹುದು. ಗೋಖಲೆ ಸಾಹೇಬರು ಇದ್ದಾರೆ, ಆದರೆ ಮೈದಾನದಲ್ಲಿ ಈಗ ಎಲ್ಲರಿಗಿಂತ ಹಿಂದೆ ನಿಲ್ಲುತ್ತಾರೆ. ಬಿರಾದಾರ್ ಗಟ್ಟಿಮುಟ್ಟಾಗಿದ್ದಾರೆ, ಚಹಾ ಕುಡಿಸಿದರೆ ಕೈ ಬೀಸಿ ತೋರಿಸುತ್ತಾರೆ. ಚೀಲ ಹೊತ್ತಿದ್ದ ಕಾಂಬಳೆಯೂ ಅಲ್ಲಿಯೇ ಇದ್ದಾನೆ. ನನ್ನನ್ನು ಮಾತ್ರ ಸಾಕ್ಷಿಗಳಲ್ಲಿ ಸೇರಿಸಬೇಡಿ. ಬೀಸುವಾಗ ನಾನು ಎರಡೂ ಕಣ್ಣು ಮುಚ್ಚಿಕೊಂಡಿದ್ದೆ.